ಕ್ರಮಾಂಕ ನೂರಾ ಮೂವತ್ತೊಂದರ ಕಳವಳ

ಹನ್ನೆರಡು ವರ್ಷ ಮುಚ್ಚಿಟ್ಟಿದ್ದ ಹೆಸರುಗಳ ಪಟ್ಟಿ ತೆರೆದ ದಿನ ಡಾಕ್ಟರ್ ನೀಲಾಂಬಿಕಾ ಅಂಗಡಿ ಒಂಬೈನೂರು ಜನರಲ್ಲಿ ಮೊದಲು ಹುಡುಕಿದ್ದು ಒಬ್ಬಳನ್ನು. ಕ್ರಮಾಂಕ ನೂರಾ ಮೂವತ್ತೊಂದು, ಶಶಿಕಲಾ ಹಡಪದ, ಬೆಟಗೇರಿ. ಹೆಸರಿನ ಪಕ್ಕದಲ್ಲಿದ್ದ ಗೆರೆಯನ್ನು ನೋಡಿ ನೀಲಾಂಬಿಕಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಇಳಿಯಬೇಕಾಗಿದ್ದ ಗೆರೆ ಏರಿತ್ತು. ಒಂದೆರಡು ವರ್ಷವಲ್ಲ, ಹನ್ನೆರಡು ವರ್ಷವೂ ಏರುತ್ತಲೇ ಹೋಗಿತ್ತು.

ಆ ಗೆರೆಗಳನ್ನು ಬರೆಯುತ್ತಿದ್ದದ್ದು ಒಂದು ಮಣಿ. ಗಾತ್ರ ಜೋಳದ ಕಾಳಿನಷ್ಟು. ಕಿವಿಯ ಹಿಂದೆ ಚರ್ಮದ ಅಡಿಯಲ್ಲಿ ಕೂರಿಸಿದರೆ ಮೈಯ ಬಿಸಿಯಿಂದಲೇ ಶಕ್ತಿ ಪಡೆದು ವರ್ಷಗಟ್ಟಲೆ ಕೆಲಸ ಮಾಡುತ್ತಿತ್ತು. ಎದೆಬಡಿತಗಳ ನಡುವಿನ ಅಂತರ, ಚರ್ಮದ ಬೆವರು, ಕುತ್ತಿಗೆಯ ಬಿಗಿತ, ಇವನ್ನೆಲ್ಲ ಕಾಲುಗಂಟೆಗೊಮ್ಮೆ ಕೂಡಿಸಿ ಸೊನ್ನೆಯಿಂದ ನೂರರ ಒಳಗೆ ಒಂದು ಸಂಖ್ಯೆ ಕೊಡುತ್ತಿತ್ತು. ಜನ ಅದನ್ನು ಕಳವಳದ ಅಂಕ ಎಂದು ಕರೆದರು. ಮೆಟ್ಟಿಲು ಹತ್ತಿದರೂ ಎದೆ ಹೊಡೆದುಕೊಳ್ಳುತ್ತದಲ್ಲ, ಆ ಗೊಂದಲ ಬಾರದಿರಲೆಂದು ಮನುಷ್ಯ ಎಷ್ಟು ನಡೆದ, ಎಲ್ಲಿಗೆ ಹೋದ ಎಂಬುದನ್ನೂ ಮಣಿ ಗುರುತಿಟ್ಟುಕೊಂಡು, ಆ ಪಾಲನ್ನು ಕಳೆದುಬಿಡುತ್ತಿತ್ತು. ಕಳೆದ ಮೇಲೆ ಓಡಾಟದ ಆ ದಾಖಲೆಯನ್ನು ಯಾರೂ ತೆರೆದು ನೋಡುತ್ತಿರಲಿಲ್ಲ.

ಧಾರವಾಡದಲ್ಲಿ ಕೆಲಗೇರಿ ಕೆರೆಯ ಆಚೆಗಿದ್ದ ಆ ಸಂಶೋಧನಾ ಕೇಂದ್ರ ಹುಟ್ಟಿದ್ದೇ ಒಂದು ಪ್ರಶ್ನೆಗಾಗಿ. ವರ್ಷಗಟ್ಟಲೆ ಕಳವಳದಲ್ಲಿ ಬೇಯುವವರಿಗೆ ಮಾತಿನ ಚಿಕಿತ್ಸೆ ಕೊಡುತ್ತೇವೆ; ಅದು ಮುಗಿದು ಹತ್ತು ಹನ್ನೆರಡು ವರ್ಷವಾದ ಮೇಲೂ ಅದರ ಗುಣ ಉಳಿದಿರುತ್ತದೆಯೆ? ಯಾವ ಬಗೆಯದು ಹೆಚ್ಚು ಉಳಿಯುತ್ತದೆ? ಒಂಬೈನೂರು ಜನರನ್ನು ಚೀಟಿ ಎತ್ತಿ ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ತಮ್ಮ ಯೋಚನೆಗಳನ್ನು ತಾವೇ ಪರೀಕ್ಷೆಗೆ ಒಡ್ಡುವುದನ್ನು ಕಲಿಸಿದರು. ಇನ್ನೊಂದಕ್ಕೆ ಉಸಿರನ್ನೂ ಮೈಯನ್ನೂ ಸಡಿಲ ಬಿಡುವುದನ್ನು. ಮೂರನೆಯದರಲ್ಲಿ ಬಾಲ್ಯದವರೆಗೆ ಹಿಂದಕ್ಕೆ ಹೋಗಿ ಕಳವಳದ ಬೇರು ಹುಡುಕುವ ಮಾತುಕತೆ. ಎಲ್ಲರಿಗೂ ಹದಿನಾರು ಭೇಟಿ. ಆಮೇಲೆ ಹನ್ನೆರಡು ವರ್ಷ, ಚಿಕಿತ್ಸೆ ಕೊಟ್ಟವರು ತಮ್ಮ ರೋಗಿಗಳನ್ನು ಭೇಟಿಯಾಗುವಂತಿಲ್ಲ, ಫೋನ್ ಮಾಡುವಂತಿಲ್ಲ. ಮಣಿ ಮಾತ್ರ ನೋಡುತ್ತಿರಬೇಕು.

ಶಶಿಕಲಾ ನೀಲಾಂಬಿಕಾಳ ಮೊದಲ ರೋಗಿ. ಆಗ ಅವಳಿಗೆ ಮೂವತ್ತೊಂದು ವರ್ಷ. ಅದಕ್ಕೆ ಮೊದಲು ಗದುಗಿನ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಒಂದು ದಿನ ಸಾರಿನ ಹಂಡೆಯಲ್ಲಿ ಹಲ್ಲಿ ಬಿದ್ದಿರಬಹುದೆಂಬ ಅನುಮಾನ ಬಂದು, ನೂರೆಂಬತ್ತು ಮಕ್ಕಳ ಸಾರನ್ನು ಮೂರು ಸಲ ಸೋಸಿದಳು. ಹಲ್ಲಿ ಇರಲಿಲ್ಲ. ನಾಲ್ಕನೆಯ ಸಲ ಸೋಸುತ್ತಿದ್ದಾಗ ಅಲ್ಲೇ ಕುಸಿದು ಕೂತವಳು ಮರುದಿನದಿಂದ ಕೆಲಸಕ್ಕೆ ಹೋಗಲಿಲ್ಲ. ಆಮೇಲೆ ಸಂತೆ ನಿಂತಿತು, ತವರುಮನೆ ನಿಂತಿತು, ಕೊನೆಗೆ ಎದುರುಮನೆಯೂ ನಿಂತಿತು. ಮೂರು ವರ್ಷ ಹೊಸ್ತಿಲು ದಾಟಲಿಲ್ಲ.

ಗಂಡ ಯಮನೂರನ ಕ್ಷೌರದ ಅಂಗಡಿ ದೊಡ್ಡ ರಸ್ತೆಯ ಆಚೆ ಬದಿಗಿತ್ತು. ಅವಳು ಇಪ್ಪತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಎರಡು ಕೈಯಲ್ಲೂ ಕೆಲಸ ಇರುತ್ತಿದ್ದುದರಿಂದ ಅವನು ಸ್ಪೀಕರ್ ಹಾಕಿ ಫೋನನ್ನು ಕನ್ನಡಿಯ ಮುಂದೆ ಇಟ್ಟುಬಿಟ್ಟಿದ್ದ. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಗಳೇ ಉತ್ತರ ಕೊಡುತ್ತಿದ್ದರು. "ನಿನ್ನ ಗಂಡ ಇಲ್ಲೇ ಅದಾನವಾ, ಏನೂ ಆಗಿಲ್ಲ. ನನ್ನ ಮೀಸಿ ಒಂದು ಸ್ವಲ್ಪ ಸೊಟ್ಟ ಆಗೇತಿ, ಅಷ್ಟ."

ಬೆಟಗೇರಿಯ ಮನೆಗೇ ಹೋಗಿ ನೀಲಾಂಬಿಕಾ ಅವಳ ಎದುರು ಕೂತು ಕಲಿಸಿದ್ದು ಸರಳವಾದ ಕೆಲಸ. ಭಯವನ್ನು ಒಂದು ಸಾಲಿನಲ್ಲಿ ಬರೆಯುವುದು, ಅದು ನಿಜವಾಗುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಊಹಿಸುವುದು, ಆಮೇಲೆ ಹೋಗಿ ನೋಡುವುದು. "ರಸ್ತೆ ದಾಟಿದರೆ ಸಾಯುತ್ತೇನೆ, ನೂರಕ್ಕೆ ತೊಂಬತ್ತು" ಎಂದು ಶಶಿಕಲಾ ಬರೆದಿದ್ದಳು. ಹದಿನಾರನೆಯ ಭೇಟಿಯಲ್ಲಿ ಆ ರಸ್ತೆ ದಾಟಿದಳು. ದಾಟಿದವಳೇ ಅಂಗಡಿಯ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತಳು. ಅರ್ಧ ಕತ್ತರಿಸಿದ ತಲೆಯನ್ನು ಹಾಗೇ ಬಿಟ್ಟು ಕತ್ತರಿ ಹಿಡಿದೇ ಓಡಿಬಂದ ಯಮನೂರ, ಏನು ಮಾಡಬೇಕೆಂದು ತೋಚದೆ, ಅವಳ ಪಕ್ಕದಲ್ಲಿ ಕೂತು ತಾನೂ ಅತ್ತ. ಚಿಕಿತ್ಸೆಗೆ ಮೊದಲು ಅವಳ ಸರಾಸರಿ ಐವತ್ತೇಳು ಇತ್ತು, ಮುಗಿದ ಮೇಲೆ ಐವತ್ತೈದು. "ಅಲ್ಪ ಸುಧಾರಣೆ" ಎಂದು ನೀಲಾಂಬಿಕಾ ವರದಿಯಲ್ಲಿ ಬರೆದಿದ್ದಳು. ಈಗ ಅದು ಅರವತ್ತೆಂಟು.

ಕೇಂದ್ರದಲ್ಲಿ ಅಂಕಿಗಳನ್ನು ಜೋಡಿಸುವ ಕೆಲಸ ಇಮ್ತಿಯಾಜ್ ನದಾಫನದು. ಹುಬ್ಬಳ್ಳಿಯ ಹುಡುಗ, ಏನು ಕೊಟ್ಟರೂ ಅದರಲ್ಲೊಂದು ಚಿತ್ರ ಕಾಣುವವನು. ಅವತ್ತು ಅವನು ಗೋಡೆಯ ಪರದೆಯ ಮೇಲೆ ಒಂದು ಗೆರೆ ಮೂಡಿಸಿ ಹೆಮ್ಮೆಯಿಂದ ನಿಂತಿದ್ದ.

"ಮೇಡಂ, ವರದಿ ಮೊದಲನೇ ಪುಟಕ್ಕ ಇನ್ನೂರಾ ಏಳು ಹಾಕೀನ್ರಿ. ಹ್ಯಾಂಗ ಇಳದೈತಿ ನೋಡ್ರಿ, ಹುಡುಗೂರ ಜಾರುಬಂಡಿ ಇದ್ದಂಗ. ಎಪ್ಪತ್ತೊಂದರಿಂದ ಹದಿನಾಲ್ಕಕ್ಕ!"

"ಹಂಗಾದ್ರ ಕಡೀ ಪುಟಕ್ಕ ನೂರಾ ಮೂವತ್ತೊಂದು ಹಾಕು. ನಾ ಕೆಡಿಸಿದ್ದು" ಎಂದಳು ನೀಲಾಂಬಿಕಾ.

"ನೀವೇನು ಕೆಡಿಸಿಲ್ರಿ. ಏರಿದ ಗೆರೆ ಒಟ್ಟ ನಲವತ್ತೊಂದು ಅದಾವ. ಮೂರೂ ಗುಂಪಿನಾಗ ಅದಾವ."

ಉಳಿದ ಫಲಿತಾಂಶವೂ ಸುಲಭದ್ದಾಗಿರಲಿಲ್ಲ. ಮೊದಲ ವರ್ಷದ ಕೊನೆಗೆ ಯೋಚನೆ ಪರೀಕ್ಷಿಸುವವರ ಗುಂಪು ಉಳಿದೆರಡನ್ನೂ ಬಹಳ ಹಿಂದೆ ಹಾಕಿತ್ತು. ಐದನೆಯ ವರ್ಷಕ್ಕೆ ಬೇರು ಹುಡುಕಿದವರು ನಿಧಾನವಾಗಿ ಬಂದು ಅವರನ್ನು ಕೂಡಿಕೊಂಡಿದ್ದರು. ಹನ್ನೆರಡಕ್ಕೆ ಮೂರು ಗೆರೆಗಳೂ ಒಂದೇ ಹಗ್ಗದ ಎಳೆಗಳಂತೆ ಹೆಣೆದುಕೊಂಡಿದ್ದವು. ಆದರೆ ಬೆಂಗಳೂರಿನ ಮನಃಸ್ವಾಸ್ಥ್ಯ ಮಂಡಳಿಗೆ ಒಂದೇ ಉತ್ತರ ಬೇಕಿತ್ತು. ಪ್ರತಿ ತಾಲ್ಲೂಕಿನಲ್ಲಿ ರೋಗಿಗಳೊಡನೆ ಮಾತಾಡುವ ಯಂತ್ರ ಇಡುವವರಿದ್ದರು. ಅದಕ್ಕೆ ಒಂದೇ ಚಿಕಿತ್ಸೆ ಕಲಿಸಬೇಕು. ಈಗ ಚಿಕಿತ್ಸೆ ಕೊಡುತ್ತಿದ್ದ ಮನುಷ್ಯರು ಮನೆಗೆ ಹೋಗಬೇಕು. ಅದರ ಜೊತೆಗೆ ಇನ್ನೊಂದು ಕರಡು ನಿಯಮ ಬಂದಿತ್ತು. ರಾಜ್ಯದಲ್ಲಿ ಆಗಲೇ ಅರ್ಧದಷ್ಟು ಜನರ ಕಿವಿಯ ಹಿಂದೆ ಮಣಿ ಇತ್ತು. ವರ್ಷದ ಸರಾಸರಿ ಅಂಕ ಐವತ್ತೈದು ಮೀರಿದವರು ಮಕ್ಕಳನ್ನು ನೋಡಿಕೊಳ್ಳುವ, ಜನರನ್ನು ಕೂರಿಸಿಕೊಂಡು ವಾಹನ ಓಡಿಸುವ ಕೆಲಸ ಮಾಡುವಂತಿಲ್ಲ ಎಂಬುದು ಆ ನಿಯಮ. ಗುರುವಾರ ಮಂಡಳಿಯೇ ಧಾರವಾಡಕ್ಕೆ ಬಂದು ವರದಿ ಕೇಳುವುದಿತ್ತು.

ಭೇಟಿಯ ನಿಷೇಧ ಮುಗಿದಿತ್ತು. ಶನಿವಾರ ನೀಲಾಂಬಿಕಾ ಗದುಗಿನ ರೈಲು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಚಿತ್ರ ಅವಳ ಕಣ್ಣ ಮುಂದಿತ್ತು: ಬಾಗಿಲು ಹಾಕಿಕೊಂಡ ಒಂದು ಕೋಣೆ, ಮೂಲೆಯಲ್ಲಿ ಫೋನ್ ಹಿಡಿದು ಕೂತ ಶಶಿಕಲಾ, ವಯಸ್ಸು ನಲವತ್ತಮೂರು. ಏನು ಹೇಳಿ ಕ್ಷಮೆ ಕೇಳುವುದೆಂದು ಮನಸ್ಸಿನಲ್ಲೇ ಎರಡು ಮೂರು ಸಲ ಹೇಳಿಕೊಂಡಳು.

ಯಮನೂರನ ಅಂಗಡಿ ಅಲ್ಲೇ ಇತ್ತು. ಅವನ ತಲೆ ಮಾತ್ರ ಪೂರ್ತಿ ಬೋಳಾಗಿತ್ತು.

"ಅಯ್ಯ ನಮ್ಮ ಡಾಕ್ಟ್ರ! ಬರ್ರಿ, ಬರ್ರಿ, ಕೂಡ್ರಿ." ಬೇರೆ ಆಸನ ಖಾಲಿ ಇಲ್ಲದ್ದರಿಂದ ಅವಳನ್ನು ಕ್ಷೌರದ ಕುರ್ಚಿಯಲ್ಲೇ ಕೂರಿಸಿದ. ಅಭ್ಯಾಸಬಲದಿಂದ ಬಿಳಿ ಬಟ್ಟೆಯನ್ನೂ ಎತ್ತಿಕೊಂಡು, ನಾಲಿಗೆ ಕಚ್ಚಿಕೊಂಡು ಕೆಳಗಿಟ್ಟ. ಕಾಯುತ್ತಿದ್ದ ಇಬ್ಬರು ಗಿರಾಕಿಗಳು ನಕ್ಕರು.

"ಶಶಿಕಲಾ ಹ್ಯಾಂಗದಾರ್ರಿ?" ಕನ್ನಡಿಯಲ್ಲಿ ಅವನ ಮುಖ ನೋಡುತ್ತಲೇ ಕೇಳಿದಳು.

"ಗಾಡಿ ಮ್ಯಾಲ ಅದಾಳ್ರಿ. ಇನ್ನೇನು ಬರು ಹೊತ್ತಾತು."

"ಗಾಡಿ ಮ್ಯಾಲ ಅಂದ್ರ? ಯಾರು ಕರಕೊಂಡು ಹೋಗ್ಯಾರ ಆಕೀನ್ನ?"

"ಆಕೀನ್ನ ಯಾರು ಕರಕೊಂಡು ಹೋಗ್ತಾರ್ರಿ? ಆಕೀನ ಹದಿನಾಕ ಹುಡುಗೂರನ್ನ ಕರಕೊಂಡು ಹೋಗ್ಯಾಳ. ಸಾಲಿ ವ್ಯಾನ್ ಹೊಡಿತಾಳ್ರಿ, ಎಂಟು ವರ್ಷ ಆತು!"

ನೀಲಾಂಬಿಕಾ ಕುರ್ಚಿಯನ್ನು ಕಾಲಿನಿಂದ ತಿರುಗಿಸಿ ಅವನ ಕಡೆ ಮುಖ ಮಾಡಿದಳು. ಅವನು ಸುಳ್ಳು ಹೇಳುವಂತೆ ಕಾಣಲಿಲ್ಲ.

ಅಷ್ಟರಲ್ಲಿ ಹಳದಿ ವ್ಯಾನೊಂದು ಬಂದು ಅಂಗಡಿಯ ಮುಂದೆ ನಿಂತಿತು. ಆ ಕಾಲಕ್ಕೆ ಹೆದ್ದಾರಿಯಲ್ಲಿ ಚಾಲಕರಿಲ್ಲದ ಬಸ್ಸುಗಳೇ ಓಡುತ್ತಿದ್ದವು. ಬೆಟಗೇರಿಯ ಓಣಿಗಳೊಳಗೆ ಬಂದರೆ ಮಾತ್ರ ಅವು ಗೊಂದಲಗೊಂಡು ನಿಂತುಬಿಡುತ್ತಿದ್ದವು. ರಸ್ತೆಗೇ ಚಾಚಿಕೊಂಡ ಕಟ್ಟೆಗಳು, ಹಾಸಿಗೆಯ ಮೇಲಿದ್ದಂತೆ ಮಲಗಿದ ಎಮ್ಮೆಗಳು, ನೇಕಾರರು ಓಣಿಯುದ್ದಕ್ಕೂ ಬಿಗಿದ ನೂಲು ಅವಕ್ಕೆ ಅರ್ಥವಾಗುತ್ತಿರಲಿಲ್ಲ. ಅಲ್ಲಿಗೆ ಮನುಷ್ಯರೇ ಬೇಕಿತ್ತು. ವ್ಯಾನಿನಿಂದ ಇಳಿದ ಹೆಂಗಸು ಗಾಡಿಯನ್ನು ಒಂದು ಸುತ್ತು ಬಂದಳು, ಬಗ್ಗಿ ಚಕ್ರಗಳ ಹಿಂದೆ ನೋಡಿದಳು, ಒಳಗೆ ಹೋಗಿ ಪ್ರತಿ ಆಸನವನ್ನೂ ಕೈಯಿಂದ ಮುಟ್ಟಿ ಎಣಿಸಿದಳು, ಯಾರೂ ನಿದ್ದೆ ಹೋಗಿ ಉಳಿದಿಲ್ಲವಲ್ಲ ಎಂದು. ಆಮೇಲೆ ಇನ್ನೊಮ್ಮೆ ಎಣಿಸಿದಳು. ಇಳಿದು ಬಂದು, ಕ್ಷೌರದ ಕುರ್ಚಿಯಲ್ಲಿ ಕೂತ ಡಾಕ್ಟರನ್ನು ಕಂಡು ಬಾಯಿಗೆ ಕೈ ಇಟ್ಟುಕೊಂಡಳು.

ಊಟಕ್ಕೆ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಇತ್ತು. ಬಡಿಸುತ್ತ ಬಡಿಸುತ್ತ ಶಶಿಕಲಾ ಎಲ್ಲ ಹೇಳಿದಳು. ಮಗಳು ಸ್ಫೂರ್ತಿ ಹೋಗುತ್ತಿದ್ದ ಶಾಲೆಯ ವ್ಯಾನಿನವನು ಫೋನಿನಲ್ಲಿ ಮಾತಾಡುತ್ತ ಓಡಿಸುತ್ತಿದ್ದನಂತೆ. ಇವಳು ಹೋಗಿ ಜಗಳ ಮಾಡಿದಳು. ಒಂದು ದಿನವಲ್ಲ, ಹದಿನೈದು ದಿನ. ಬೇಸತ್ತ ಮುಖ್ಯ ಶಿಕ್ಷಕಿ, ದೊಡ್ಡ ಬಾಯೋರು, "ಇಷ್ಟು ಕಾಳಜಿ ಇದ್ರ ನೀವ ಹೊಡೀರಿ ಹಂಗಾದ್ರ" ಎಂದುಬಿಟ್ಟರು.

"ಅವರು ಸಿಟ್ಟಿಲೆ ಅಂದ್ರು. ನಾ ಮನೀಗೆ ಬಂದು ನಿಮ್ಮ ಪದ್ಧತಿ ಮಾಡಿದೆ. 'ಗಾಡಿ ಹೊಡದ್ರ ಹುಡುಗೂರನ್ನ ಕೊಲ್ತೀನಿ, ನೂರಕ್ಕ ಎಂಬತ್ತು' ಅಂತ ಬರದೆ. ಕಲಿಯಾಕ ಹೋದೆ. ಮೊದಲ ದಿನ ವಾಂತಿ ಆತು. ಎರಡನೇ ದಿನಾನೂ ಆತು. ಕಲಿಸಾವ ಮೂರನೇ ದಿನ ತಾನ ಒಂದು ಬಕೀಟ ತಂದಿಟ್ಟಿದ್ದ."

"ಈಗ ಅಂಜಿಕೆ ಹೋಗೇತೇನು?"

"ಎಲ್ಲಿದು ಹೋಗತದ್ರಿ!" ಶಶಿಕಲಾ ನಕ್ಕಳು. "ಅತ್ತಿ ಇದ್ದಂಗ ಅದು. ಮುಂಜಾನೆ ಎದ್ದ ಕೂಡಲೆ ವಟವಟ ಅಂತೈತಿ. ಬ್ರೇಕ್ ನೋಡಿದಿ? ಬಾಗಿಲಾ ಹಾಕಿದಿ? ಆ ಹುಡುಗ ಕೈ ಹೊರಗ ಹಾಕ್ಯಾನೇನು? ಅತ್ತಿ ವಟಗುಟ್ಟತಾಳ ಅಂತ ಅಡಿಗಿ ಬಿಡಾಕ ಬರತದೇನ್ರಿ? ಬ್ರೇಕ್ ನೋಡ್ತೀನಿ, ಬಾಗಿಲಾ ನೋಡ್ತೀನಿ, ಗಾಡಿ ಬಿಡ್ತೀನಿ."

ನೀಲಾಂಬಿಕಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. "ನಿಮ್ಮ ಅಂಕ ಅರವತ್ತೆಂಟು ಐತಿ, ಶಶಿಕಲಾ. ಚಿಕಿತ್ಸೆ ಮೊದಲಿಗಿಂತ ಹೆಚ್ಚಾಗೇತಿ."

"ಫಸ್ಟ್ ಕ್ಲಾಸ್ ಆತಲ್ರಿ!" ಎಂದ ಯಮನೂರ. ಹೆಂಡತಿ ಅವನನ್ನು ನೋಡಿದಳು. ಡಾಕ್ಟರ ಮುಖ ನಗುತ್ತಿಲ್ಲವೆಂದು ಅವನಿಗೂ ಆಮೇಲೆ ಕಂಡಿತು.

ನೀಲಾಂಬಿಕಾ ಹೊಸ ನಿಯಮವನ್ನು ಬಿಡಿಸಿ ಹೇಳಿದಳು. ತನ್ನ ವರದಿ ಹೀಗೇ ಹೋದರೆ ಏನಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಶಶಿಕಲಾ ತನ್ನ ತಟ್ಟೆಯನ್ನು ಬದಿಗೆ ಸರಿಸಿದಳು. ಯಮನೂರ ಎಡಗೈಯನ್ನು ಅವಳ ಕೈಯ ಮೇಲಿಟ್ಟ. ಶಶಿಕಲಾ ಎದ್ದು ಕೈ ತೊಳೆದು ಬಂದಳು.

"ಸೋಮವಾರ ಮುಂಜಾನೆ ಏಳೂಕಾಲಿಗೆ ಹುಡುಗೂರು ನಿಂತಿರತಾವ. ಅವತ್ತ ಗಾಡಿ ಬಿಡಬಹುದಲ್ರಿ?"

"ಬಿಡಬಹುದು. ಇನ್ನೂ ನಿಯಮ ಆಗಿಲ್ಲ."

"ಹಂಗಾದ್ರ ಸೋಮವಾರ ಬಿಡ್ತೀನಿ" ಎಂದಳು ಶಶಿಕಲಾ. "ಮುಂದಿಂದು ನೀವು ನೋಡ್ರಿ."

ಭಾನುವಾರ ಇಮ್ತಿಯಾಜ್ ಅತ್ತಿಗೆಯ ಸೀಮಂತ ಬಿಟ್ಟು ಕೇಂದ್ರಕ್ಕೆ ಬರಬೇಕಾಯಿತು. ನೀಲಾಂಬಿಕಾ ಅವನಿಗೆ ಹೇಳಿದ ಕೆಲಸ ಒಂದೇ. ಮಣಿ ಕಳೆದು ಬದಿಗಿಟ್ಟ ಓಡಾಟದ ದಾಖಲೆ ಇನ್ನೂ ಇದೆಯೆ? ಇದ್ದರೆ ಪ್ರತಿಯೊಬ್ಬರ ಕಳವಳದ ಗೆರೆಯ ಕೆಳಗೆ ಅವರು ಎಷ್ಟು ದೂರ ಹೋಗುತ್ತಿದ್ದರು, ಎಷ್ಟು ಬೇರೆ ಬೇರೆ ಜಾಗಗಳಿಗೆ ಹೋಗುತ್ತಿದ್ದರು ಎಂಬ ಇನ್ನೊಂದು ಗೆರೆ ಎಳೆಯಬೇಕು.

ದಾಖಲೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಎರಡೆರಡು ಗೆರೆಗಳು ಮೂಡತೊಡಗಿದವು. ಇಮ್ತಿಯಾಜ್ ಮೊದಲು ತೆರೆದದ್ದು ತನ್ನ ಜಾರುಬಂಡಿಯನ್ನು, ಇನ್ನೂರಾ ಏಳನ್ನು. ನೋಡಿ, ಮುಚ್ಚಿ, ಮತ್ತೊಮ್ಮೆ ತೆರೆದ.

"ಮೇಡಂ, ಇವರು ಆರು ವರ್ಷದಿಂದ ಎರಡು ಖೋಲಿ ಬಿಟ್ಟು ಹೊರಗ ಬಂದಿಲ್ರಿ."

ಅಂಕ ಹದಿನಾಲ್ಕಕ್ಕೆ ಇಳಿದದ್ದು ಏಕೆಂದು ಆಗ ತಿಳಿಯಿತು. ಅಂಜುವಂಥದ್ದು ಏನೂ ಹತ್ತಿರ ಬಾರದ ಹಾಗೆ ಆ ಮನುಷ್ಯ ತನ್ನ ಲೋಕವನ್ನೇ ಮಡಚಿ ಸಣ್ಣದು ಮಾಡಿಕೊಂಡಿದ್ದ. ಚೆನ್ನಾಗಿ ಇಳಿದ ಮುನ್ನೂರು ಗೆರೆಗಳಲ್ಲಿ ಎಂಬತ್ತಾರು ಅಂಥವೇ. ಏರಿದ ನಲವತ್ತೊಂದು ಮಂದಿಯಲ್ಲಿ ಮೂವತ್ತಮೂರು ಜನರ ಓಡಾಟ ವರ್ಷದಿಂದ ವರ್ಷಕ್ಕೆ ಹಿಗ್ಗಿತ್ತು. ಇಮ್ತಿಯಾಜ್ ಭಾನುವಾರ, ಸೋಮವಾರ, ಎರಡೂ ದಿನ ಆ ನಲವತ್ತೊಂದು ಮಂದಿಗೂ ಫೋನ್ ಮಾಡಿದ. ಒಬ್ಬಾಕೆ ಐವತ್ತರ ಮೇಲೆ ಈಜು ಕಲಿತಿದ್ದಳು. ಜನರೆದುರು ಬಾಯಿ ಬಿಡದಿದ್ದ ಒಬ್ಬ ಪಂಚಾಯ್ತಿ ಸದಸ್ಯನಾಗಿದ್ದ. ನಾಲ್ವರು ಮಾತ್ರ ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂದರು. ಅವರು ನಿಜವಾಗಿಯೂ ಬಳಲುತ್ತಿದ್ದರು. ಆ ನಾಲ್ವರ ಹೆಸರನ್ನು ನೀಲಾಂಬಿಕಾ ಬೇರೆ ಹಾಳೆಯಲ್ಲಿ ಬರೆದುಕೊಂಡಳು.

ಇನ್ನೂರಾ ಏಳಕ್ಕೆ ಅವಳೇ ಫೋನ್ ಮಾಡಿದಳು. ಮುಂಡರಗಿಯ ವಿರೂಪಾಕ್ಷ ಗೌಡರ, ಒಂದು ಕಾಲದಲ್ಲಿ ಭೂಮಾಪನದ ಕೆಲಸದವರು, ದಿನಕ್ಕೆ ಹತ್ತು ಮೈಲಿ ಹೊಲ ಸುತ್ತಿದವರು. ಧ್ವನಿ ತಣ್ಣಗಿತ್ತು.

"ನನಗೇನೂ ತ್ರಾಸಿಲ್ರಿ. ಊಟ ಕಿಡಿಕಿಗೆ ಬರತದ. ಆರಾಮ ಅದೀನಿ."

"ಹೊಲ ನೋಡಿ ಎಷ್ಟು ದಿನ ಆತ್ರಿ?"

ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ನೀಲಾಂಬಿಕಾ ಕಾದಳು. "ಗೌಡರ, ಅದೀರೇನ್ರಿ?"

"ಅದೀನ್ರಿ" ಎಂದರು ಅವರು. ಆಮೇಲೆ ತೀರ ಸಣ್ಣ ದನಿಯಲ್ಲಿ, "ಫೋನ್ ಇಡಬ್ಯಾಡ್ರಿ."

ಅವಳು ಇಡಲಿಲ್ಲ. ಅವತ್ತು ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಹೆಚ್ಚಾಗಿ ಎರೆಹೊಲದ ಬಗ್ಗೆ. ಇಮ್ತಿಯಾಜ್ ಮೊದಲ ಪುಟವನ್ನು ಅಳಿಸಿಹಾಕಿದ.

ಗುರುವಾರ ಹನ್ನೊಂದಕ್ಕೆ ಮಂಡಳಿ ಸೇರಿತು. ಅಧ್ಯಕ್ಷರು ಪುಟ್ಟಮಾದಯ್ಯನವರು, ಮೈಸೂರಿನ ಕಡೆಯವರು, ನೆಟ್ಟಗೆ ಮಾತಾಡುವ ಹಿರಿಯ ಅಧಿಕಾರಿ. ನೀಲಾಂಬಿಕಾ ಅರ್ಧ ಗಂಟೆ ವಿವರಿಸಿದಳು. ಮೂರೂ ಚಿಕಿತ್ಸೆಗಳು ಹನ್ನೆರಡು ವರ್ಷಕ್ಕೆ ಹೆಚ್ಚುಕಡಿಮೆ ಸಮ. ಯಾವುದು ಯಾರಿಗೆ ಹೊಂದುತ್ತದೆ ಎಂಬುದು ಮೊದಲ ನಾಲ್ಕೈದು ಭೇಟಿಗಳಲ್ಲಿ ಎದುರಿಗೆ ಕೂತವರಿಗೆ ಗೊತ್ತಾಗುತ್ತದೆ. ಮತ್ತು ನಾವು ಹನ್ನೆರಡು ವರ್ಷ ತಪ್ಪು ವಸ್ತುವನ್ನು ಅಳೆದೆವು.

"ತಪ್ಪು ಅಂತ ನೀವೇ ಹೇಳಿದ್ರೆ ಹೇಗೆ ಡಾಕ್ಟ್ರೇ?" ಪುಟ್ಟಮಾದಯ್ಯನವರು ಮುಂದೆ ಬಾಗಿದರು. "ಒಂದು ಮಾತು ಬಿಚ್ಚಿ ಹೇಳ್ತೀನಿ. ನನಗೂ ಮೊಮ್ಮಗಳಿದ್ದಾಳೆ. ಹಗಲೆಲ್ಲ ಭಯ ಪಡೋ ಡ್ರೈವರ್ ಕೈಗೆ ಅವಳನ್ನ ಕೊಡೋಕೆ ನಾನು ಒಪ್ಪಲ್ಲ. ನೀವು ಒಪ್ತೀರಾ?"

"ಒಪ್ತೀನ್ರಿ ಸರ್. ಆ ಡ್ರೈವರ್ ಹೊರಗ ಕುಂತಾರ. ಅವರ ಅಂಕ ತೋರಿಸಾಕ ಅವರ ಒಪ್ಪಿಗಿ ಕೊಟ್ಟಾರ."

ಮುಂಜಾನೆಯ ಸುತ್ತು ಮುಗಿಸಿ, ಮಕ್ಕಳನ್ನು ಶಾಲೆಗೆ ಬಿಟ್ಟು, ಗಂಡನ ಜೊತೆ ರೈಲಿನಲ್ಲಿ ಬಂದಿದ್ದ ಶಶಿಕಲಾ ಒಳಗೆ ಬಂದಳು. ಇಮ್ತಿಯಾಜ್ ಅವಳ ಮಣಿಯ ಅಂಕವನ್ನು ಕಾಲುಗಂಟೆಗೆ ಕಾಯದೆ ಕ್ಷಣಕ್ಷಣಕ್ಕೂ ಗೋಡೆಯ ಮೇಲೆ ಮೂಡುವಂತೆ ಮಾಡಿದ್ದ. ಎಂಬತ್ತೊಂಬತ್ತು. ಅವಳು ಮೈಕಿನ ಹತ್ತಿರ ಬಂದಳು. ತೊಂಬತ್ತೊಂದು. ಯಮನೂರ ಬಾಗಿಲ ಬಳಿ ನಿಂತು, ತಾನೇ ಮಾತಾಡಬೇಕಾದವನಂತೆ ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದ.

"ಭಯ ಆಗ್ತಿದೆಯೇನಮ್ಮ?" ಪುಟ್ಟಮಾದಯ್ಯನವರು ಮೆತ್ತಗೆ ಕೇಳಿದರು.

"ಆಗಾಕತ್ತೇತ್ರಿ. ಗ್ವಾಡಿ ಮ್ಯಾಲ ಬರದೇತಲ್ರಿ."

ಎಲ್ಲರೂ ನಕ್ಕರು. ಅಂಕ ತೊಂಬತ್ತಮೂರಕ್ಕೆ ಹೋಯಿತು. ಶಶಿಕಲಾ ಅದನ್ನು ಒಮ್ಮೆ ತಿರುಗಿ ನೋಡಿ, ಮುಂದುವರಿಸಿದಳು. ಮಾತು ಎಲ್ಲೂ ತಡವರಿಸಲಿಲ್ಲ.

"ನಾ ದಿನಾ ಹೊಂಡೂಕಿಂತ ಮೊದಲ ಬ್ರೇಕ್ ಮೂರು ಸಲ ನೋಡ್ತೀನ್ರಿ. ಹುಡುಗೂರನ್ನ ಎರಡು ಸಲ ಎಣಸ್ತೀನಿ. ಒಬ್ಬ ಹುಡುಗಿ ಕಿಡಿಕಿ ಕಡೆ ಕುಂತ್ರ ತಲಿ ಹೊರಗ ಹಾಕತಾಳ, ಆಕೀನ್ನ ನಡಕ ಕೂಡಸ್ತೀನಿ. ಎಂಟು ವರ್ಷದಾಗ ಒಂದು ಕೂಸಿನ ಮೊಣಕಾಲು ತರಚಿಲ್ರಿ. ನಮ್ಮ ಓಣಿ ತಾಯಂದ್ರು ಏನಂತಾರ ಗೊತ್ತೇನ್ರಿ? ಶಶಕ್ಕನ ಗಾಡಿ ಅಂದ್ರ ನಾವು ಅಂಜೂದು ಬ್ಯಾಡ, ನಮ್ಮ ಪಾಲಿಂದೂ ಆಕೀನ ಅಂಜತಾಳ ಅಂತಾರ."

ಪುಟ್ಟಮಾದಯ್ಯನವರು ಏನೋ ಬರೆದುಕೊಂಡರು.

"ಮೂರು ವರ್ಷ ಮನ್ಯಾಗ ಕುಂತಿದ್ದೆನ್ರಿ. ಆಗ ಎದಿ ಇಷ್ಟು ಹೊಡಕೋತಿರಲಿಲ್ಲ. ಹೊಡಕೊಳ್ಳಾಕ ಏನಿತ್ತು ಅಲ್ಲಿ? ಆಗಿನ ನನ್ನ ನಂಬರು ಈಗಿಂದಕ್ಕಿಂತ ಚಲೋ ಇತ್ತು. ಆದ್ರ ನನ್ನ ಮಗಳಿಗೆ ಸಾಲ್ಯಾಗ ಬಹುಮಾನ ಕೊಟ್ಟ ದಿನ ನಾ ನೋಡಾಕ ಹೋಗಲಿಲ್ಲ. ಅದು ಯಾವ ಗ್ವಾಡಿ ಮ್ಯಾಲೂ ಬರಂಗಿಲ್ಲ ನೋಡ್ರಿ."

ಪುಟ್ಟಮಾದಯ್ಯನವರು ಪೆನ್ನನ್ನು ಕೆಳಗಿಟ್ಟರು. "ಸರಿ ಅಮ್ಮ. ಆದ್ರೆ ಭಯದಲ್ಲಿ ಕೈಕಾಲು ಕಟ್ಟಿಹೋಗೋ ಡ್ರೈವರೂ ಇರ್ತಾರೆ. ಅವರಿಗೂ ಇದೇ ತೊಂಬತ್ತು ಬರುತ್ತೆ. ನಿಮ್ಮಿಬ್ಬರ ನಡುವೆ ನಾವು ಹೇಗೆ ವ್ಯತ್ಯಾಸ ಮಾಡೋದು?"

ಅದು ನ್ಯಾಯವಾದ ಪ್ರಶ್ನೆ. ಶಶಿಕಲಾ ಡಾಕ್ಟರ ಕಡೆ ನೋಡಿದಳು.

"ಮಣಿಯಿಂದ ಆಗಂಗಿಲ್ರಿ ಸರ್" ಎಂದಳು ನೀಲಾಂಬಿಕಾ. "ಪಕ್ಕದಾಗ ಕುಂತು ಅವರು ಗಾಡಿ ಹೊಡೆಯೂದನ್ನ ನೋಡಬೇಕು. ಹಿಂದಿನಿಂದ ಮಾಡ್ಕೋತ ಬಂದಿದ್ದ ಅದನ್ನ. ಮಣಿ ಬಂದ ಮ್ಯಾಲೆ ನಾವ ಬಿಟ್ಟಿವಿ."

ಪ್ರಶ್ನೆಗಳು ಮುಂದುವರಿದವು. ಶಶಿಕಲಾಳ ಕಣ್ಣು ಗಡಿಯಾರದ ಮೇಲಿತ್ತು. ಒಂದು ಗಂಟೆ ಆಗುತ್ತಿದ್ದಂತೆ ಅವಳು ಎದ್ದು ನಿಂತಳು.

"ಸರ, ನಾಕಕ್ಕ ಸಾಲಿ ಬಿಡತದ್ರಿ. ನಾ ಹೊಂಟೆ."

"ತೀರ್ಮಾನ ಕೇಳ್ಕೊಂಡು ಹೋಗಲ್ವಾ? ನಿಮ್ಮ ಕೆಲಸದ ಪ್ರಶ್ನೆ ಅಲ್ವೇನಮ್ಮ?"

"ಹೌದ್ರಿ. ಆದ್ರ ಹುಡುಗೂರು ನಿಂತಿರತಾವ್ರಿ" ಎಂದು ಕೈ ಮುಗಿದು ಹೊರಟಳು. ಯಮನೂರ ಎಲ್ಲರಿಗೂ ಇನ್ನೊಮ್ಮೆ ಕೈ ಮುಗಿದು ಅವಳ ಹಿಂದೆ ಓಡಿದ.

ಮಂಡಳಿ ನಾಲ್ಕೂವರೆಯವರೆಗೆ ಚರ್ಚೆ ಮಾಡಿತು. ಮಧ್ಯೆ ಎರಡು ಸಲ ದನಿಗಳು ಏರಿದವು. ಪುಟ್ಟಮಾದಯ್ಯನವರೇ ಕೊನೆಗೆ ಓದಿದರು. ಮಣಿಯ ಅಂಕ ನೋಡಿ ಯಾರ ಕೆಲಸವನ್ನೂ ತೆಗೆಯುವಂತಿಲ್ಲ. ಆ ನಿಯಮ ಕೈಬಿಡಲಾಗಿದೆ. ಮೂರೂ ಚಿಕಿತ್ಸೆಗಳೂ ಅವನ್ನು ಕೊಡುವ ಮನುಷ್ಯರೂ ಉಳಿಯುತ್ತಾರೆ. ಯಂತ್ರವನ್ನು ಮೊದಲು ಎರಡು ತಾಲ್ಲೂಕುಗಳಲ್ಲಿ ಮಾತ್ರ, ಅವರ ಸಹಾಯಕ್ಕೆಂದು ಇಡಲಾಗುವುದು. ಅಧ್ಯಯನ ಇನ್ನೂ ಎಂಟು ವರ್ಷ ನಡೆಯಬೇಕು, ಆದರೆ ಈ ಸಲ ವರ್ಷಕ್ಕೊಮ್ಮೆ ಯಾರಾದರೂ ಹೋಗಿ ಆ ಒಂಬೈನೂರು ಜನರ ಮನೆಯಲ್ಲಿ ಕೂತು ಮಾತಾಡಿ ಬರಬೇಕು. ಮೊದಲ ವಾರವೇ ಮುಂಡರಗಿಗೆ ತಾನೇ ಹೋಗುತ್ತೇನೆಂದು ಇಮ್ತಿಯಾಜ್ ಹೆಸರು ಬರೆಸಿದ.

ನೀಲಾಂಬಿಕಾ ಹೊರಗಿನ ಬೇವಿನ ಮರದ ಕೆಳಗೆ ಬಂದು ಶಶಿಕಲಾಳಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಯಮನೂರನಿಗೆ ಮಾಡಿದಳು. ಒಂದೇ ಸಲಕ್ಕೆ ಎತ್ತಿದ.

"ಗಾಡಿ ಮ್ಯಾಲ ಇದ್ದಾಗ ಆಕಿ ಫೋನ್ ಮುಟ್ಟಂಗಿಲ್ರಿ ಡಾಕ್ಟ್ರ. ಏನಾತು? ನನಗ ಹೇಳ್ರಿ."

ಹೇಳಬೇಕೆನ್ನಿಸಿತು. ತುಟಿಯವರೆಗೂ ಬಂದಿತ್ತು. "ಇಲ್ರಿ ಯಮನೂರ ಅವರ, ಮೊದಲ ಆಕೀಗೆ ಹೇಳಬೇಕು."

"ಅದೂ ಖರೇ ಐತಿ. ಹಂಗಾದ್ರ ನಾನೂ ತಡಕೋತೀನಿ ಬಿಡ್ರಿ" ಎಂದ. ಆದರೆ ಫೋನ್ ಇಡಲಿಲ್ಲ. ನೀಲಾಂಬಿಕಾಳೂ ಇಡಲಿಲ್ಲ. ಬಿಸಿಲು ಎಷ್ಟಿದೆ, ರೈಲಿನಲ್ಲಿ ಜಾಗ ಸಿಕ್ಕಿತೇ, ಸ್ಫೂರ್ತಿ ಈಗ ಏನು ಓದುತ್ತಿದ್ದಾಳೆ ಎಂದು ಇಬ್ಬರೂ ಮಾತಾಡುತ್ತ ಹೊತ್ತು ಕಳೆದರು. ಒಳಗೆ ಜನ ಚಹಾ ಕುಡಿಯಲು ಕರೆದರೂ ಅವಳು ಹೋಗಲಿಲ್ಲ.

ಐದೂ ಮುಕ್ಕಾಲಿಗೆ ಶಶಿಕಲಾಳ ಹೆಸರು ಫೋನಿನ ಮೇಲೆ ಮೂಡಿತು. ಯಮನೂರನಿಗೆ ಹೇಳಿ ಈ ಕರೆ ಎತ್ತಿದಳು. ಆ ಕಡೆ ಮೊದಲು ಎಂಜಿನ್ ನಿಂತ ಸದ್ದು, ಆಮೇಲೆ ಕೈಬ್ರೇಕ್ ಎಳೆದ ಸದ್ದು ಕೇಳಿಸಿತು.

"ಡಾಕ್ಟ್ರ, ಹದಿನಾಕೂ ಮಂದಿನ್ನ ಮನೀಗೆ ಮುಟ್ಟಿಸಿದೆ. ಕಡೀಕಿನ ಹುಡುಗಿ ಈಗ ಒಳಗ ಹೋದ್ಲು, ಅವರವ್ವ ಬಾಗಿಲಾ ಹಾಕೂದು ನೋಡಿದೆ" ಎಂದು ಶಶಿಕಲಾ ಒಂದು ದೊಡ್ಡ ಉಸಿರು ಬಿಟ್ಟಳು. "ಹಾಂ, ಈಗ ಹೇಳ್ರಿ."